ಶಾನುಭೋಗನಿಗೆ ಗುಟ್ಟಾಗಿ ಹೇಳಿದ್ದು

ರಾತ್ರಿ ಹತ್ತೂವರೆಗೆ ಮಗುವನ್ನು ಭುಜದ ಮೇಲೆ ಹಾಕಿಕೊಂಡು, ಒಂದೇ ಹೆಬ್ಬೆರಳಿನಲ್ಲಿ ಮೊಬೈಲ್ ಒತ್ತುತ್ತಾ ಬಾಕಿ ಕೆಲಸ ಮುಗಿಸಿದ ಅನುಭವ ನಿಮಗೂ ಇರಬಹುದು. ಆಫೀಸಿನ ಕೆಲಸವೇ ಆಗಬೇಕೆಂದಿಲ್ಲ. ಗ್ಯಾಸ್ ಬುಕ್ ಮಾಡುವುದೋ, ಶಾಲೆಯ ವಾಟ್ಸಾಪ್ ಗುಂಪಿಗೆ ಉತ್ತರಿಸುವುದೋ, ತಂಗಿಗೆ ದುಡ್ಡು ಕಳಿಸುವುದೋ, ಏನಾದರೊಂದು ಇದ್ದೇ ಇರುತ್ತದೆ. ಕೈ ತನ್ನ ಪಾಡಿಗೆ ಒತ್ತುತ್ತಿರುತ್ತದೆ, ಮನಸ್ಸು ಮಗುವಿನ ಮೈ ಬಿಸಿಯ ಮೇಲಿರುತ್ತದೆ. ಹಾಗೆ ಒತ್ತಿದ ನನ್ನ ಬೆರಳು ಒಮ್ಮೆ ಏನು ಮಾಡಿತು ಎಂಬುದನ್ನು ನಿಮಗೆ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನಾಚಿಕೆಯಿಂದ ಮುಂದೂಡುತ್ತಾ ಬಂದೆ.

ಮೊದಲು ನಮ್ಮ ಕೆಲಸದ ಪರಿಚಯ ಮಾಡಿಕೊಡುತ್ತೇನೆ. ನಮ್ಮ ಮನೆ ವಿಜಯನಗರದಲ್ಲಿ. ಆಫೀಸು ರಾಜಾಜಿನಗರದಲ್ಲಿ, ಭಾಷ್ಯಂ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರ. ಕೆಳಗೆ ಔಷಧಿ ಅಂಗಡಿ, ಮೇಲೆ ನಾವು. ಬೆಂಗಳೂರಿನ ಸಾಫ್ಟ್‌ವೇರ್ ಎಂದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳೇ ನೆನಪಾಗುತ್ತವೆ ಅಲ್ಲವೇ? ಆದರೆ ನಮ್ಮ ಪಶ್ಚಿಮದ ಬಡಾವಣೆಗಳಲ್ಲೂ ಹೀಗೆ ಅಂಗಡಿಯ ಮೇಲಿನ ಮಹಡಿಗಳಲ್ಲಿ ಸಣ್ಣ ಸಣ್ಣ ತಂಡಗಳು ಕೆಲಸ ಮಾಡುತ್ತವೆ. ನಾವು ಏಳು ಜನ, ಅದರಲ್ಲಿ ನಾಲ್ವರು ಹೆಂಗಸರು. ಶಾಲೆಗಳಿಗೆ ಬೇಕಾದ ಹಾಜರಿ, ಫೀಸು, ಅಂಕಪಟ್ಟಿಯ ಸಾಫ್ಟ್‌ವೇರ್ ಬರೆಯುತ್ತೇವೆ. 2020ರ ಲಾಕ್‌ಡೌನಿನಲ್ಲಿ ಮನೆಗೆ ಬಂದ ಕೆಲಸ ಮರಳಿ ಪೂರ್ತಿಯಾಗಿ ಆಫೀಸಿಗೆ ಹೋಗಲೇ ಇಲ್ಲ. ವಾರಕ್ಕೆರಡು ದಿನ ಆಫೀಸು, ಉಳಿದ ದಿನ ಊಟದ ಮೇಜೇ ಆಫೀಸು.

ಏಳು ಜನ ಏಳು ಕಡೆ ಕುಳಿತು ಒಂದೇ ಸಾಫ್ಟ್‌ವೇರ್ ಬರೆಯುವುದು ಹೇಗೆ ಎಂದು ನನ್ನ ಅತ್ತೆ ಒಮ್ಮೆ ಕೇಳಿದ್ದರು. ಅವರಿಗೆ ಅರ್ಥವಾಗುವಂತೆ ನಾನು ಅವರದೇ ಉಪ್ಪಿನಕಾಯಿ ಪುಸ್ತಕದ ಉದಾಹರಣೆ ಕೊಟ್ಟೆ. ಅವರ ಬಳಿ ಒಂದು ಹಳೆಯ ನೋಟ್‌ಬುಕ್ ಇದೆ. ಮಾವು, ನಿಂಬೆ, ಮಾಂಸದ ಉಪ್ಪಿನಕಾಯಿ ಎಲ್ಲದರ ಅಳತೆಯೂ ಅದರಲ್ಲಿದೆ. ಯಾವ ವರ್ಷ ಉಪ್ಪು ಹೆಚ್ಚಾಯಿತು, ಯಾವಾಗ ಎಣ್ಣೆ ಬದಲಾಯಿಸಿದೆ ಎಂದು ಅಂಚಿನಲ್ಲಿ ಬರೆದಿಟ್ಟಿದ್ದಾರೆ. ಹಳೆಯದನ್ನು ಅಳಿಸುವುದಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯುತ್ತಾರೆ. ನಮ್ಮ ಕೋಡ್ ಇಡುವ ಜಾಗವೂ ಹಾಗೆಯೇ. ಅದಕ್ಕೆ ರೆಪೊಸಿಟರಿ ಎನ್ನುತ್ತಾರೆ, ನಮ್ಮ ಬಾಯಲ್ಲಿ ರೆಪೊ. ಯಾರು, ಯಾವ ದಿನ, ಯಾವ ಸಾಲನ್ನು ಬದಲಾಯಿಸಿದರು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಇದನ್ನು ನಡೆಸುವ ತಂತ್ರಾಂಶದ ಹೆಸರು ಗಿಟ್. ಲಿನಕ್ಸ್ ಬರೆದ ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಇದನ್ನು ಬರೆಯಲು ಶುರುಮಾಡಿದರು. ಅಲ್ಲಿಯವರೆಗೆ ಅವರು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶದ ಉಚಿತ ಪರವಾನಗಿ ಆಗ ನಿಂತುಹೋಗಿತ್ತು. ಗಿಟ್‌ನ ವಿಶೇಷವೆಂದರೆ, ಅದನ್ನು ನಕಲು ಮಾಡಿಕೊಂಡ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿಯೂ ಇಡೀ ಪುಸ್ತಕ, ಹಳೆಯ ಗೆರೆ ಎಳೆದ ಸಾಲುಗಳ ಸಮೇತ ಇರುತ್ತದೆ. ಅತ್ತೆಯ ಪುಸ್ತಕವನ್ನು ನಾವು ಮೂವರು ಸೊಸೆಯಂದಿರು ಪೂರ್ತಿ ಬರೆದಿಟ್ಟುಕೊಂಡ ಹಾಗೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಶಾನುಭೋಗನ ವಿಷಯ.

ನಮ್ಮಲ್ಲಿ ರೆಪೊಗಳ ಬೀಗದ ಕೈ ಒಬ್ಬರ ಬಳಿಯೇ ಇತ್ತು. ಬಸವೇಶ್ವರನಗರದಲ್ಲಿರುವ ನಮ್ಮ ಹಿರಿಯ ಸರ್ ಅವರು. ಬಹಳ ಸಾಧು ಮನುಷ್ಯ, ಆದರೆ ಒಬ್ಬರೇ. ಹೊಸ ರೆಪೊ ತೆರೆಯಬೇಕೆಂದರೆ ಅವರು, ಹೊಸಬರಿಗೆ ಪ್ರವೇಶ ಕೊಡಬೇಕೆಂದರೆ ಅವರು, ಪರಿಶೀಲನೆ ಮುಗಿದ ಕೋಡನ್ನು ಮುಖ್ಯ ಪ್ರತಿಗೆ ಸೇರಿಸಬೇಕೆಂದರೂ ಅವರೇ. ಅವರು ಊರಿಗೆ ಮದುವೆಗೆ ಹೋದರೆ ನಮ್ಮ ಕೆಲಸವೂ ಮದುವೆಗೆ ಹೋದಂತೆಯೇ. ಬೆಳಿಗ್ಗೆ ಐದಕ್ಕೆ ಎದ್ದು, ಮನೆಯವರು ಏಳುವ ಮೊದಲು ಎರಡು ಗಂಟೆ ಕೆಲಸ ಮಾಡುವ ನನ್ನಂಥವಳು, ಅವರು ಹತ್ತಕ್ಕೆ ಲಾಗಿನ್ ಆಗುವವರೆಗೆ ಕಾಯಬೇಕು. ಹತ್ತಕ್ಕೆ ನನಗೆ ಮಗುವಿನ ಸ್ನಾನ. ಹೀಗೆ ಒಂದು ಸಣ್ಣ ಅನುಮತಿ ಪಡೆಯುವುದರಲ್ಲೇ ಒಂದು ದಿನ ಹೋಗುತ್ತಿತ್ತು.

ಈ ತಾಪತ್ರಯ ಜಗತ್ತಿನ ಎಲ್ಲ ತಂಡಗಳಿಗೂ ಇದ್ದದ್ದೇ. ಗಿಟ್ ರೆಪೊಗಳನ್ನು ಇಡಲು ಜಗತ್ತಿನಾದ್ಯಂತ ಜನ ಬಳಸುವ ಗಿಟ್‌ಹಬ್ ಕಂಪನಿಯವರು ತಮ್ಮ ಚಾಟ್ ಕೋಣೆಯಲ್ಲಿ ಹ್ಯೂಬಾಟ್ ಎಂಬ ಬಾಟ್ ಒಂದನ್ನು ಕೂರಿಸಿಕೊಂಡಿದ್ದರು. 2011ರಲ್ಲಿ ಅದರ ಕೋಡನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಮನುಷ್ಯರು ಮಾತಾಡುವ ಕೋಣೆಯಲ್ಲೇ ಬಾಟ್ ಕುಳಿತಿರುತ್ತದೆ. 'ಇದನ್ನು ತೆರೆ', 'ಅದನ್ನು ಸೇರಿಸು' ಎಂದು ಬರೆದರೆ ಮಾಡಿ ಮುಗಿಸಿ ಅಲ್ಲೇ ಉತ್ತರ ಕೊಡುತ್ತದೆ. ಈ ಪದ್ಧತಿಗೆ ಚಾಟ್‌ಆಪ್ಸ್ ಎಂಬ ಹೆಸರೂ ಬಂತು. ಅಂದಹಾಗೆ ಬಾಟ್ ಎಂಬುದು ರೋಬಾಟ್‌ನ ತುಂಡು. ರೋಬಾಟ್ ಎಂಬ ಪದ ಕರೆಲ್ ಚಾಪೆಕ್ ಎಂಬ ಲೇಖಕನ 1920ರ ಒಂದು ನಾಟಕದಿಂದ ಬಂತು. ಚೆಕ್ ಭಾಷೆಯಲ್ಲಿ ಅದರ ಮೂಲ ಅರ್ಥ ಬಿಟ್ಟಿ ಚಾಕರಿ. ಇದನ್ನು ಓದಿದಾಗ ನನಗೆ ಮನೆಗೆಲಸವೇ ನೆನಪಾಯಿತು, ಇರಲಿ.

ನಾವು ಬಳಸಿದ್ದು ಎರ್‌ಬಾಟ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ, ಪೈಥಾನ್ ಭಾಷೆಯಲ್ಲಿ ಬರೆದದ್ದು. ಅದಕ್ಕೆ ನಮಗೆ ಬೇಕಾದ ಅಪ್ಪಣೆಗಳನ್ನು ಕಲಿಸಿದವರು ಬಸವೇಶ್ವರನಗರದ ಸರ್. ಹೆಸರು ಏನಿಡುವುದೆಂದು ಚರ್ಚೆಯಾದಾಗ, ಹಳ್ಳಿಯ ಲೆಕ್ಕಪತ್ರ ಬರೆಯುತ್ತಿದ್ದ ಹಿಂದಿನ ಕಾಲದವರನ್ನು ನೆನೆದು ಅವರೇ 'ಶಾನುಭೋಗ' ಎಂದರು. ಎಲ್ಲರೂ ನಕ್ಕು ಒಪ್ಪಿದೆವು.

ಅದು ನಮ್ಮಂಥವರಿಗೆ ಎಷ್ಟು ಉಪಕಾರ ಮಾಡಿತು ಎಂಬುದನ್ನು ಮೊದಲು ಹೇಳದಿದ್ದರೆ ಅನ್ಯಾಯವಾಗುತ್ತದೆ. ಬೆಳಗಿನ ಐದೂವರೆಗೆ 'ಶಾನುಭೋಗ, ಹಾಜರಿ ರೆಪೊದಲ್ಲಿ ಯಾರ ಪರಿಶೀಲನೆ ಬಾಕಿ ಇದೆ?' ಎಂದು ಬರೆದರೆ ಕ್ಷಣದಲ್ಲಿ ಪಟ್ಟಿ ಬರುತ್ತಿತ್ತು. 'ಸೇರಿಸು' ಎಂದರೆ, ಪರೀಕ್ಷೆಗಳೆಲ್ಲ ಪಾಸಾಗಿವೆಯೇ, ಇನ್ನೊಬ್ಬರು ನೋಡಿ ಒಪ್ಪಿದ್ದಾರೆಯೇ ಎಂದು ತಾನೇ ನೋಡಿ ಸೇರಿಸುತ್ತಿತ್ತು. ಇಲ್ಲದಿದ್ದರೆ 'ಒಪ್ಪಿಗೆ ಇಲ್ಲ' ಎಂದು ಮುಖದ ಮೇಲೆ ಹೇಳುತ್ತಿತ್ತು. ಯಾರ ಮುಲಾಜೂ ಇಲ್ಲ. ಹೊಸದಾಗಿ ಬಂದ ಹುಡುಗಿಗೂ ಒಂದೇ, ಹತ್ತು ವರ್ಷದ ಅನುಭವಿಗೂ ಒಂದೇ. ಒಬ್ಬರನ್ನು ಮತ್ತೆ ಮತ್ತೆ ಕೇಳಿ ಅವರ ಸಮಯ ಹಾಳು ಮಾಡುತ್ತಿದ್ದೇನೆ ಎಂಬ ಸಂಕೋಚ ಹೋಯಿತು. ಹೆರಿಗೆ ರಜೆ ಮುಗಿಸಿ ಬಂದ ನನ್ನ ಸಹೋದ್ಯೋಗಿಯೊಬ್ಬರು, ಆರು ತಿಂಗಳಲ್ಲಿ ಏನೇನಾಯಿತೆಂದು ಯಾರನ್ನೂ ಕೇಳದೆ, ಕೋಣೆಯ ಹಳೆಯ ಮಾತುಗಳನ್ನು ಓದಿಯೇ ತಿಳಿದುಕೊಂಡರು. 'ಇದೊಂದು ಇಲ್ಲದಿದ್ದರೆ ನಾನು ರಾಜೀನಾಮೆ ಕೊಡ್ತಿದ್ದೆ' ಎಂದು ಅವರು ನನ್ನ ಬಳಿ ಹೇಳಿದ್ದುಂಟು.

ಇದು ಈಗಿನ ಚಾಟ್‌ಜಿಪಿಟಿಯಂಥದ್ದೇ ಎಂದು ನೀವು ಕೇಳಬಹುದು. ಅಲ್ಲ. ಚಾಟ್‌ಜಿಪಿಟಿ 2022ರ ನವೆಂಬರ್ ಕೊನೆಯಲ್ಲಿ ಜನರ ಕೈಗೆ ಬಂತು. ಅದು ನಾವು ಹೇಗೆ ಕೇಳಿದರೂ ಊಹಿಸಿ ಉತ್ತರಿಸುತ್ತದೆ. ನಮ್ಮ ಶಾನುಭೋಗನಿಗೆ ಊಹೆ ಎಂಬುದೇ ಗೊತ್ತಿಲ್ಲ. ಆಫೀಸಿನ ಕಂಪ್ಯೂಟರೊಂದರಲ್ಲಿ ಓಡುವ ಸಣ್ಣ ಪ್ರೋಗ್ರಾಂ ಅದು. ಕೋಣೆಯಲ್ಲಿ ಬಂದ ಪ್ರತಿ ಸಾಲನ್ನೂ ತನಗೆ ಕಲಿಸಿದ ಇಪ್ಪತ್ತು ಇಪ್ಪತ್ತೈದು ಅಪ್ಪಣೆಗಳ ಜೊತೆ ತಾಳೆ ನೋಡುತ್ತದೆ. ತಾಳೆಯಾದರೆ, ಕೇಳಿದವರ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿ, ತನ್ನದೇ ಕೀಲಿಯಿಂದ ರೆಪೊಗಳ ಸರ್ವರಿನ ಬಾಗಿಲು ತೆರೆದು ಕೆಲಸ ಮಾಡಿಬರುತ್ತದೆ.

'ತನ್ನದೇ ಕೀಲಿಯಿಂದ' ಎಂದೆನಲ್ಲ, ನಮ್ಮ ತೊಂದರೆ ಇದ್ದದ್ದು ಅಲ್ಲೇ. ನಾನು ಹೇಳಿದರೂ, ನೀವು ಹೇಳಿದರೂ, ಸರ್ವರಿನ ದಾಖಲೆಯಲ್ಲಿ ಬೀಳುವುದು ಶಾನುಭೋಗನ ಹೆಸರೊಂದೇ. ಹೇಳಿದವರು ಯಾರೆಂದು ಗೊತ್ತಾಗುವುದು ಚಾಟ್ ಕೋಣೆಯನ್ನು ನೋಡಿದರೆ ಮಾತ್ರ.

2023ರ ಸೆಪ್ಟೆಂಬರ್ ಕೊನೆಯ ವಾರ. ಕಾವೇರಿ ನೀರಿನ ವಿಚಾರವಾಗಿ 26ರ ಮಂಗಳವಾರ ಬೆಂಗಳೂರು ಬಂದ್, 29ರ ಶುಕ್ರವಾರ ಕರ್ನಾಟಕ ಬಂದ್ ನಡೆದ ವಾರ ಅದು. ಶಾಲೆಗಳಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಸಮಯವಾದ್ದರಿಂದ ನಮಗೆ ಅಂಕಪಟ್ಟಿಯದ್ದೇ ಗಡಿಬಿಡಿ. ಸೋಮವಾರ ರಾತ್ರಿ ಮಗನಿಗೆ ಜ್ವರ. ಡೆಂಗಿ ಇರಬಹುದೇ ಎಂಬ ಹೆದರಿಕೆಯಲ್ಲಿ ಗಂಟೆಗೊಮ್ಮೆ ಮೈ ಮುಟ್ಟಿ ನೋಡುತ್ತಿದ್ದೆ. ಮರುದಿನ ಬಂದ್, ಆಸ್ಪತ್ರೆಗೆ ಹೋಗಲು ಆಟೋ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ. ಆ ನಡುವೆ ನೆನಪಾದದ್ದು, ಒಂದು ಪ್ರಯೋಗಕ್ಕೆಂದು ನಾನು ಮಾಡಿಟ್ಟಿದ್ದ ರೆಪೊ. ಅದರ ಹೆಸರು 'ಅಂಕಪಟ್ಟಿ-ಪ್ರಯೋಗ'. ಕೆಲಸ ಮುಗಿದ ಮೇಲೆ ಅಳಿಸಿಬಿಡಿ, ಗೊಂದಲವಾಗುತ್ತದೆ ಎಂದು ಸರ್ ಎರಡು ಸಲ ನೆನಪಿಸಿದ್ದರು.

ಅಷ್ಟು ಹೊತ್ತಿನಲ್ಲಿ ಕೋಣೆಯಲ್ಲಿ ಬರೆದರೆ ಏಳು ಜನರ ಮೊಬೈಲೂ ಟಿಣ್ ಎನ್ನುತ್ತದೆ. ಯಾರಿಗೂ ತೊಂದರೆಯಾಗದಿರಲಿ ಎಂದು ಶಾನುಭೋಗನ ಖಾಸಗಿ ಕಿಟಕಿ ತೆರೆದು ಬರೆಯತೊಡಗಿದೆ. 'ಅಳಿಸು ಅಂಕಪಟ್ಟಿ' ಎಂದು ಬರೆದು, ಅಡ್ಡಗೆರೆ ಹುಡುಕುವಷ್ಟರಲ್ಲಿ ಮಗ ಹೊರಳಿದ. ಹೆಬ್ಬೆರಳು ಕಳಿಸುವ ಗುಂಡಿಗೆ ತಾಗಿತು. 'ಖಚಿತವೇ?' ಎಂದು ಶಾನುಭೋಗ ಕೇಳಿತು. ನಾನು ಪೂರ್ತಿ ಹೆಸರು ಬರೆದಿದ್ದೇನೆಂದೇ ತಿಳಿದು 'ಹೌದು' ಎಂದೆ. 'ಅಳಿಸಲಾಗಿದೆ' ಎಂದಿತು. ಮೊಬೈಲ್ ಕೆಳಗಿಟ್ಟು ಒದ್ದೆ ಬಟ್ಟೆ ತರಲು ಹೋದೆ. ಒಂದು ತುಂಡು ಕೆಲಸ ಮುಗಿಯಿತಲ್ಲ ಎಂಬ ಸಮಾಧಾನ ಕೂಡ ಆಗಿತ್ತು ನೋಡಿ!

ಬೆಳಿಗ್ಗೆ ಮಗನ ಜ್ವರ ಇಳಿದಿತ್ತು. ಬೀದಿ ಮೌನವಾಗಿತ್ತು. ಒಂಬತ್ತೂವರೆಗೆ ಕೋಣೆಯಲ್ಲಿ ಸರ್ ಬರೆದರು: 'ಅಂಕಪಟ್ಟಿ ರೆಪೊ ಕಾಣ್ತಿಲ್ಲ. ಯಾರಿಗಾದ್ರೂ ಗೊತ್ತಾ?' ಹತ್ತು ನಿಮಿಷದ ಮೇಲೆ ಇನ್ನೊಂದು ಸಾಲು: 'ಸರ್ವರ್ ಲಾಗ್ ನೋಡಿದೆ. ರಾತ್ರಿ ಶಾನುಭೋಗ ಅಳಿಸಿದೆ ಅಂತಿದೆ.' ಎಲ್ಲರೂ ಕೋಣೆಯ ಹಿಂದಿನ ಮಾತುಗಳನ್ನು ಮೇಲಕ್ಕೆ ಸರಿಸಿ ನೋಡಿದೆವು. ಹಿಂದಿನ ಸಂಜೆ ಆರೂ ನಲವತ್ತಕ್ಕೆ ಬಾಟ್‌ಗೆ ಕೊನೆಯದಾಗಿ ಅಪ್ಪಣೆ ಕೊಟ್ಟವಳು ಕೆಂಗೇರಿಯ ಹುಡುಗಿ. ಅಂಕಪಟ್ಟಿಯ ಹಳೆಯ ಕವಲೊಂದನ್ನು ಮುಚ್ಚಲು ಹೇಳಿದ್ದಳು. ಅವಳು ಸೇರಿ ಎರಡು ತಿಂಗಳಾಗಿತ್ತಷ್ಟೇ, ಶಾನುಭೋಗನ ಪಟ್ಟಿಗೆ ಅವಳ ಹೆಸರು ಸೇರಿಸಿದ್ದು ಆ ವಾರವೇ.

ಅವಳ ಬಗ್ಗೆ ಎರಡು ಮಾತು ಹೇಳಬೇಕು. ಅವಳ ತಂದೆ ಕೆಂಗೇರಿ ಉಪನಗರದಲ್ಲಿ ಆಟೋ ಓಡಿಸುತ್ತಾರೆ. ಆ ಮನೆಯಲ್ಲಿ ಲ್ಯಾಪ್‌ಟಾಪ್ ತಂದ ಮೊದಲನೆಯವಳು ಅವಳೇ. ಮೆಟ್ರೋದಲ್ಲಿ ವಿಜಯನಗರದವರೆಗೆ ಬಂದು, ಅಲ್ಲಿಂದ ನನ್ನ ಜೊತೆ ಬಸ್ಸಿನಲ್ಲಿ ರಾಜಾಜಿನಗರಕ್ಕೆ ಬರುತ್ತಿದ್ದಳು. ಕಡಿಮೆ ಮಾತು. ಕೇಳಿದ್ದನ್ನೆಲ್ಲ ಒಂದು ಪುಟ್ಟ ಡೈರಿಯಲ್ಲಿ ಬರೆದುಕೊಳ್ಳುವ ಅಭ್ಯಾಸ.

ಯಾರೂ ಅವಳನ್ನು ನೇರವಾಗಿ ಬೈಯಲಿಲ್ಲ. ಆದರೆ ಕೋಣೆಯಲ್ಲಿ ಒಬ್ಬರು 'ಹೊಸಬರಿಗೆ ಇಷ್ಟು ಬೇಗ ಅಧಿಕಾರ ಕೊಡಬಾರದಿತ್ತು' ಎಂದರು. ಇನ್ನೊಬ್ಬರು ಕೈಜೋಡಿಸಿದ ಚಿತ್ರ ಹಾಕಿದರು. ನಾನು? ದೊಡ್ಡ ಮನಸ್ಸಿನವಳಂತೆ ಅವಳಿಗೆ ಫೋನ್ ಮಾಡಿದೆ.

'ನೋಡಮ್ಮಾ, ಏನಾದ್ರೂ ತಪ್ಪಾಗಿದ್ರೆ ಹೇಳ್ಬಿಡು. ನಾವ್ಯಾರೂ ಬೈಯಲ್ಲ. ನಾವೂ ಹೊಸದ್ರಲ್ಲಿ ತಪ್ಪು ಮಾಡಿದ್ದೀವಿ.'

'ಇಲ್ಲ ಮೇಡಂ. ನಾನು ಕವಲು ಮಾತ್ರ ಮುಚ್ಚಿದ್ದು.'

ಒಂದು ಕ್ಷಣ ಸುಮ್ಮನಿದ್ದು ಅವಳೇ ಕೇಳಿದಳು: 'ನಂಗೆ ಗೊತ್ತಿಲ್ದೇ ನಾನೇ ಮಾಡಿರ್ಬಹುದಾ ಮೇಡಂ?'

ಆ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ. ತಪ್ಪು ಮಾಡದವಳಿಗೆ ತನ್ನ ಮೇಲೆಯೇ ಅನುಮಾನ ಬರುವಷ್ಟು ಮೃದುವಾಗಿ ನಾನು ಮಾತಾಡಿದ್ದೆ. ಬೈದಿದ್ದರೆ ಅವಳು ಜಗಳವಾಡಿಯಾದರೂ ತನ್ನನ್ನು ಉಳಿಸಿಕೊಳ್ಳುತ್ತಿದ್ದಳೇನೋ.

ಫೋನ್ ಇಟ್ಟು, ನನ್ನ ಪ್ರಯೋಗದ ರೆಪೊ ಹೋಯಿತಲ್ಲ, ಅದನ್ನು ಸರ್‌ಗೆ ತಿಳಿಸೋಣವೆಂದು ಶಾನುಭೋಗನ ಖಾಸಗಿ ಕಿಟಕಿ ತೆರೆದೆ. ಅಲ್ಲಿ ಮೂರೇ ಸಾಲು. 'ಅಳಿಸು ಅಂಕಪಟ್ಟಿ'. 'ಖಚಿತವೇ?'. 'ಹೌದು'. ಹೆಸರಿನ ಉಳಿದರ್ಧ ಎಲ್ಲೂ ಇರಲಿಲ್ಲ.

ನನಗೆ ಆಗ ಏನೆನಿಸಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮೊದಲು ಬಂದದ್ದು ಪಶ್ಚಾತ್ತಾಪವಲ್ಲ. ಈ ಕಿಟಕಿ ನನ್ನೊಬ್ಬಳಿಗೇ ಕಾಣುವುದು ಎಂಬ ಯೋಚನೆ ಮೊದಲು ಬಂತು. ಸರ್ವರಿನಲ್ಲಿರುವುದು ಶಾನುಭೋಗನ ಹೆಸರು. ಕೋಣೆಯಲ್ಲಿರುವುದು ಆ ಹುಡುಗಿಯ ಹೆಸರು. ಬಾಟ್ ಓಡುವ ಕಂಪ್ಯೂಟರನ್ನು ಕೆದಕಿದರೆ ನನ್ನ ಹೆಸರು ಸಿಕ್ಕರೂ ಸಿಗಬಹುದು, ಆದರೆ ಅಷ್ಟು ಕೆದಕುವವರು ಯಾರು? ಈಗಷ್ಟೇ ನಾನು ಅವಳಿಗೆ ಫೋನ್ ಮಾಡಿ ಉಪದೇಶ ಮಾಡಿದ್ದೇನೆ. ಹತ್ತು ವರ್ಷದ ಅನುಭವದವಳು ನಾನು. ಹೆಣ್ಣುಮಕ್ಕಳು ಮನೆಯಿಂದ ಕೆಲಸ ಮಾಡಿದರೆ ಹೀಗೇ ಎಂದು ಯಾರಾದರೂ ಅಂದರೆ? ನನ್ನೊಬ್ಬಳ ತಪ್ಪಿಗೆ ನಾಲ್ವರ ಮನೆಕೆಲಸದ ಅನುಕೂಲ ಹೋದರೆ? ನೋಡಿ, ಮೌನಕ್ಕೆ ಎಷ್ಟೊಂದು ಒಳ್ಳೆಯ ಕಾರಣಗಳು ಸಿಗುತ್ತವೆ!

ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದೆ. ಅತ್ತೆ ಅಲ್ಲಿ ಚೀಟಿಯ ಪುಸ್ತಕ ಬಿಡಿಸಿಕೊಂಡು ಕುಳಿತಿದ್ದರು. ನಮ್ಮ ಬೀದಿಯ ಇಪ್ಪತ್ತು ಹೆಂಗಸರು ಸೇರಿ ಅವರು ಹದಿನೆಂಟು ವರ್ಷದಿಂದ ತಿಂಗಳ ಚೀಟಿ ನಡೆಸುತ್ತಿದ್ದಾರೆ. ಪಕ್ಕದ ಮನೆಯ ಹುಡುಗ ಬಾಗಿಲಲ್ಲಿ ನಿಂತು, 'ಅಮ್ಮ ಈ ತಿಂಗಳ ದುಡ್ಡು ಕಳ್ಸಿದ್ದಾರೆ' ಎಂದು ಕವರ್ ಚಾಚಿದ. ಅತ್ತೆ ತೆಗೆದುಕೊಳ್ಳಲಿಲ್ಲ. 'ಅಮ್ಮನಿಗೇ ಬರೋಕೆ ಹೇಳಪ್ಪಾ. ಇಲ್ಲಾಂದ್ರೆ ಸಂಜೆ ಎಲ್ಲರೂ ಸೇರಿದಾಗ ಕೊಡ್ಲಿ' ಎಂದರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, 'ಅವನ ಮೇಲೆ ಅನುಮಾನ ಅಂತಲ್ಲ. ನಾಳೆ ಲೆಕ್ಕ ತಪ್ಪಿದ್ರೆ ಪಾಪ ಆ ಹುಡುಗನ ತಲೆಗೆ ಬರುತ್ತೆ' ಎಂದರು.

ಅವರಿಗೆ ನನ್ನ ವಿಷಯ ಒಂದಿಷ್ಟೂ ಗೊತ್ತಿರಲಿಲ್ಲ. ನಾನು ಕೈ ಒರೆಸಿಕೊಂಡು ಬಂದು ಕೋಣೆಯಲ್ಲಿ ಬರೆದೆ: 'ಅಂಕಪಟ್ಟಿ ಅಳಿಸಿದ್ದು ನಾನು. ನಿನ್ನೆ ರಾತ್ರಿ 10.34ಕ್ಕೆ, ಖಾಸಗಿಯಾಗಿ ಬಾಟ್‌ಗೆ ಹೇಳಿ. ಅವಳ ತಪ್ಪಿಲ್ಲ.' ಆ ಮೂರು ಸಾಲಿನ ಚಿತ್ರವನ್ನೂ ಹಾಕಿದೆ. ಕಂಡುಕೊಂಡದ್ದಕ್ಕೂ ಹೇಳಿದ್ದಕ್ಕೂ ನಡುವೆ ನಲವತ್ತು ನಿಮಿಷ ಕಳೆದಿತ್ತು. ಆ ನಲವತ್ತು ನಿಮಿಷ ಕೆಂಗೇರಿಯಲ್ಲಿ ಆ ಹುಡುಗಿ ತನ್ನ ಡೈರಿಯನ್ನು ತಿರುವಿ ತಿರುವಿ, ತಾನು ಏನು ಒತ್ತಿದೆ ಎಂದು ಹುಡುಕುತ್ತಿದ್ದಳಂತೆ. ಆಮೇಲೆ ಅವಳೇ ಹೇಳಿದಳು.

ಅವಳಿಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದೆ. 'ಪರ್ವಾಗಿಲ್ಲ ಮೇಡಂ' ಎಂದಳು, ಅಷ್ಟೇ. ಅದರ ಮುಂದಿನ ಮಾತು ಮಾತ್ರ ಕೆಲಸದ್ದು: 'ನನ್ನ ಲ್ಯಾಪ್‌ಟಾಪ್‌ನಲ್ಲಿ ಪೂರ್ತಿ ಕಾಪಿ ಇದೆ. ನಿನ್ನೆ ಸಂಜೆ ಕವಲು ಮುಚ್ಚೋಕೆ ಮುಂಚೆ ಎಲ್ಲಾ ಇಳಿಸ್ಕೊಂಡಿದ್ದೆ.'

ಉಪ್ಪಿನಕಾಯಿ ಪುಸ್ತಕದ ಮಾತು ನೆನಪಿದೆಯೇ? ನಮ್ಮ ಪೈಕಿ ತೀರಾ ಹೊಸದಾದ, ಪೂರ್ತಿಯಾದ ಪ್ರತಿ ಇದ್ದದ್ದು ಅವಳ ಬಳಿಯೇ. ಮಧ್ಯಾಹ್ನದೊಳಗೆ ಶಾನುಭೋಗನಿಂದಲೇ ಹೊಸ ರೆಪೊ ತೆರೆಸಿ, ಅವಳು ತನ್ನ ಮನೆಯಿಂದ ನಾಲ್ಕು ವರ್ಷದ ಕೋಡನ್ನು, ಹಳೆಯ ಗೆರೆಗಳ ಸಮೇತ, ಏರಿಸಿದಳು.

ಕೋಡ್ ಬಂತು, ಎಲ್ಲವೂ ಬರಲಿಲ್ಲ. ಗಿಟ್ ನಕಲಿನಲ್ಲಿ ಇರುವುದು ಕೋಡ್ ಮತ್ತು ಅದರ ಇತಿಹಾಸ ಮಾತ್ರ. ಕೋಡಿನ ಪಕ್ಕದಲ್ಲಿ ನಾವು ನಡೆಸಿದ ಚರ್ಚೆ, ಶಾಲೆಗಳಿಂದ ಬಂದ ದೂರುಗಳ ಪಟ್ಟಿ ಎಲ್ಲ ಸರ್ವರಿನಲ್ಲಿ ಮಾತ್ರ ಇದ್ದವು. ಗಿಟ್‌ಹಬ್‌ನಂಥ ಕಡೆ ಇಟ್ಟವರು ಅಳಿಸಿದ ರೆಪೊವನ್ನು ಸಾಮಾನ್ಯವಾಗಿ 90 ದಿನದೊಳಗೆ ಮರಳಿ ಪಡೆಯಬಹುದು. ನಮ್ಮದು ಆಫೀಸಿನದೇ ಸರ್ವರ್, ಆ ಭಾಗ್ಯ ಇರಲಿಲ್ಲ. ಬಂದ್ ಮುಗಿದು ಬುಧವಾರ ಹೋಗಿ ಬ್ಯಾಕಪ್ ಡಿಸ್ಕ್ ನೋಡಿದರೆ ಅದು ತುಂಬಿ ಹೋಗಿ, ಇಪ್ಪತ್ತು ದಿನದಿಂದ ಬ್ಯಾಕಪ್ ನಿಂತಿತ್ತು. ಆ ಇಪ್ಪತ್ತು ದಿನಗಳಲ್ಲಿ ದೂರುಗಳನ್ನು ಬರೆದು ವಿಂಗಡಿಸಿಟ್ಟವಳು ಅದೇ ಹುಡುಗಿ. ಮೂವತ್ತೇಳು ದೂರುಗಳು. ಎರಡು ರಾತ್ರಿ ನಾವಿಬ್ಬರೂ ಫೋನ್ ಹಿಡಿದು ಕುಳಿತು, ಅವಳ ಡೈರಿಯಿಂದ ಒಂದೊಂದನ್ನೇ ಮತ್ತೆ ಬರೆದೆವು. ಏಳೆಂಟು ಸಿಗಲೇ ಇಲ್ಲ. ಆ ಶಾಲೆಗಳಿಗೆ ಫೋನ್ ಮಾಡಿ, 'ನಿಮ್ಮ ದೂರು ಇನ್ನೊಮ್ಮೆ ಹೇಳಿ' ಎಂದು ಕೇಳುವ ಕೆಲಸ ನನ್ನದಾಯಿತು. ಬೈಗುಳವೂ ನನ್ನದೇ.

ಆ ದಿನಗಳಲ್ಲಿ ಸರ್ ನನಗೊಂದು ಘಟನೆ ಓದಲು ಹೇಳಿದರು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ ಒಬ್ಬ ಇಂಜಿನಿಯರ್ ರಾತ್ರಿ ಹೊತ್ತು, ಒಂದು ಸರ್ವರ್ ಎಂದುಕೊಂಡು ಇನ್ನೊಂದರ ದತ್ತಾಂಶ ಅಳಿಸಿಬಿಟ್ಟರು. ತಪ್ಪು ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್‌ಗಳನ್ನು ತೆಗೆದು ನೋಡಿದರೆ ಒಂದೊಂದೂ ಕೈಕೊಟ್ಟಿತು. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಬೇರೊಂದು ಕಾರಣಕ್ಕೆ ತೆಗೆದಿಟ್ಟಿದ್ದ ಒಂದು ಪ್ರತಿ ಇತ್ತು. ಜಗತ್ತಿನಾದ್ಯಂತ ಜನರು ಕೋಡ್ ಇಡುತ್ತಿದ್ದ ಕಂಪನಿ ಅದು. ಅವರು ಮುಚ್ಚಿಡಲಿಲ್ಲ. ಸರಿಪಡಿಸುವ ಕೆಲಸವನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರು. ನಂತರ ಏನೇನಾಯಿತೆಂದು ನಿಮಿಷ ನಿಮಿಷದ ವಿವರ ಬರೆದು ಪ್ರಕಟಿಸಿದರು. ಆದರೆ ಆ ವರದಿಯಲ್ಲಿ ಅಳಿಸಿದವರ ಹೆಸರಿಲ್ಲ. 'ತಂಡದ ಸದಸ್ಯ-1' ಎಂದಷ್ಟೇ ಇದೆ. ಒಬ್ಬರ ಬೆರಳಿಗೆ ಇಷ್ಟೆಲ್ಲ ಅಳಿಸಲು ಬಿಟ್ಟ ವ್ಯವಸ್ಥೆ ಯಾವುದು ಎಂಬುದೇ ಅವರ ಚರ್ಚೆಯಾಗಿತ್ತು. ಓದುತ್ತಾ ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು, ಸುಳ್ಳೇಕೆ ಹೇಳಲಿ? ಜೊತೆಗೆ, ಆ ಹುಡುಗಿಗೆ ನಾವು ಮಂಗಳವಾರ ಬೆಳಿಗ್ಗೆ ಆ ಮರ್ಯಾದೆ ಕೊಡಲಿಲ್ಲವಲ್ಲ ಎಂದೂ ಅನಿಸಿತು.

ನಾವೂ ಕುಳಿತು ಶಾನುಭೋಗನ ಅಧಿಕಾರವನ್ನು ಮತ್ತೆ ಬರೆದೆವು. ಅಳಿಸುವ ಅಪ್ಪಣೆ ತೆಗೆದುಹಾಕಿದೆವು. ಬೇಡವಾದ ರೆಪೊ ಈಗ ಬೇರೆ ಕಪಾಟಿಗೆ ಹೋಗುತ್ತದೆ, ಮೂರು ತಿಂಗಳ ಮೇಲೆ ಮನುಷ್ಯರೇ ಕೂತು ಅಳಿಸಬೇಕು. ಕಪಾಟಿಗೆ ಕಳಿಸಲೂ ಪೂರ್ತಿ ಹೆಸರನ್ನು ಎರಡನೇ ಸಲ ಬರೆಯಬೇಕು, ಬರೀ 'ಹೌದು' ಸಾಲದು. ಅಲ್ಲದೆ ಇನ್ನೊಬ್ಬರು ಬಂದು ಒಪ್ಪಬೇಕು. ಜಗತ್ತಿನ ದೊಡ್ಡ ಮುಕ್ತ ತಂತ್ರಾಂಶಗಳಲ್ಲೊಂದಾದ ಕುಬರ್ನೆಟೀಸ್‌ನಲ್ಲೂ ಬಾಟ್‌ಗೆ ಇಂಥದೇ ನಿಯಮವಿದೆ. ಕೋಡ್ ಬರೆದವರು ತಾವೇ 'ಚೆನ್ನಾಗಿದೆ' ಎಂದು ಒಪ್ಪಿಗೆ ಹಾಕಿಕೊಂಡರೆ ಅದು ಒಪ್ಪುವುದಿಲ್ಲ. ಶಾನುಭೋಗನ ಕೀಲಿ ಎಲ್ಲಿದೆ ಎಂದೂ ಹುಡುಕಿದೆವು. ನೋಡಿದರೆ ಬಾಟ್‌ನ ಕೋಡಿನೊಳಗೇ ಬರೆದಿಟ್ಟಿದ್ದೆವು, ಬೀಗದ ಕೈಯನ್ನು ಹೊಸ್ತಿಲಲ್ಲಿ ಇಟ್ಟ ಹಾಗೆ. ಈ ಅಭ್ಯಾಸ ನಮಗೊಬ್ಬರಿಗೇ ಇರುವುದಲ್ಲ. 2016ರಲ್ಲಿ ಡಿಟೆಕ್ಟಿಫೈ ಎಂಬ ಭದ್ರತಾ ಸಂಸ್ಥೆ ಹುಡುಕಿದಾಗ ಸ್ಲ್ಯಾಕ್ ಚಾಟ್ ಬಾಟ್‌ಗಳ ಸಾವಿರಕ್ಕೂ ಮಿಕ್ಕಿ ಕೀಲಿಗಳು ಗಿಟ್‌ಹಬ್‌ನಲ್ಲಿ ಎಲ್ಲರ ಕಣ್ಣೆದುರು ಬಿದ್ದಿದ್ದವು.

ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಒಂದೇ ಸಾಲಿನದು. ಎರ್‌ಬಾಟ್‌ನ ಸೆಟ್ಟಿಂಗ್ ಕಡತದಲ್ಲಿ, ಖಾಸಗಿಯಾಗಿ ಕೊಟ್ಟ ಅಪ್ಪಣೆಯನ್ನು ಪಾಲಿಸಬೇಕೋ ಬೇಡವೋ ಎಂದು ನಿರ್ಧರಿಸುವ ಸಾಲಿದೆ. ಮೊದಲಿನಿಂದಲೂ ಇತ್ತು. ನಾವು ಯಾರೂ ಓದಿರಲಿಲ್ಲ. ಚಾಟ್‌ಆಪ್ಸ್ ಹುಟ್ಟಿದ್ದೇ ಎಲ್ಲರ ಕಣ್ಣೆದುರು ಕೆಲಸವಾಗಲಿ, ಹೊಸಬರು ನೋಡಿ ಕಲಿಯಲಿ ಎಂದು. ನಾನು ಸೌಜನ್ಯಕ್ಕೆಂದು ಕದ ಹಾಕಿಕೊಂಡು ಹೇಳಿದೆ, ಕದದ ಹೊರಗಿದ್ದವಳು ಸಿಕ್ಕಿಬಿದ್ದಳು. ಆ ಸಾಲನ್ನು ಬದಲಾಯಿಸುವ ಕೆಲಸವನ್ನು ಸರ್ ಅವಳಿಗೇ ಕೊಟ್ಟರು. ಪರಿಶೀಲನೆಗೆ ನನ್ನ ಹೆಸರು ಹಾಕಿದರು.

ಬಾಟ್‌ಗೆ ಚಾಟ್‌ಜಿಪಿಟಿಯಂಥ ಬುದ್ಧಿ ಸೇರಿಸೋಣ, ಅಪ್ಪಣೆಯ ಪದ ನೆನಪಿಡುವ ಕಷ್ಟ ತಪ್ಪುತ್ತದೆ ಎಂದು ಈಚೆಗೆ ತಂಡದಲ್ಲಿ ಕೆಲವರು ಕೇಳುತ್ತಿದ್ದಾರೆ. ದಿನದ ಚರ್ಚೆಯ ಸಾರಾಂಶ ಬರೆಯಲು ಮಾತ್ರ ಸೇರಿಸಿದೆವು. ಅಪ್ಪಣೆ ಪಾಲಿಸಲು ಅಲ್ಲ. 2025ರ ಜುಲೈನಲ್ಲಿ ರೆಪ್ಲಿಟ್ ಎಂಬ ಅಮೆರಿಕದ ಕಂಪನಿಯ ಕೃತಕ ಬುದ್ಧಿಯ ಸಹಾಯಕ, ಏನನ್ನೂ ಬದಲಾಯಿಸಬೇಡ ಎಂದು ಹೇಳಿದ್ದರೂ ಬಳಕೆದಾರರೊಬ್ಬರ ಡೇಟಾಬೇಸನ್ನೇ ಅಳಿಸಿತು, ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು. ನಮ್ಮದು ಹೇಳಿದ್ದನ್ನಷ್ಟೇ ಮಾಡುವ ದಡ್ಡ. ಹೇಳುವವರದ್ದೇ ತಾಪತ್ರಯ ಸಾಕಷ್ಟಿರುವಾಗ ಅದು ಬೇರೆ ಯೋಚಿಸುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ತಂಡದಲ್ಲಿದ್ದಾರೆ. ಚರ್ಚೆ ನಡೆಯುತ್ತಲೇ ಇದೆ, ಕೋಣೆಯಲ್ಲೇ.

ಮೊನ್ನೆ ಒಂದು ರಾತ್ರಿ, ಮಗ ಮಲಗಿದ ಮೇಲೆ ಹಳೆಯ ರೂಢಿಯಂತೆ ಶಾನುಭೋಗನ ಖಾಸಗಿ ಕಿಟಕಿ ತೆರೆದು ಏನೋ ಬರೆದೆ. ಉತ್ತರ ಬಂತು: 'ಇಲ್ಲಿ ಬೇಡ. ಕೋಣೆಗೆ ಬಂದು ಹೇಳಿ.' ಆ ಹುಡುಗಿ ಬರೆದಿಟ್ಟ ಸಾಲು ಅದು. ಕೋಣೆಗೆ ಹೋಗಿ ಬರೆದೆ. ಏಳು ಮೊಬೈಲುಗಳು ಟಿಣ್ ಎಂದಿರಬೇಕು. ಸ್ವಲ್ಪ ಹೊತ್ತಿಗೆ ಕೆಂಗೇರಿಯಿಂದ ಒಪ್ಪಿಗೆ ಬಂತು. ಅದರ ಕೆಳಗೇ ಇನ್ನೊಂದು ಸಾಲು: 'ಇನ್ನೂ ಮಲಗಿಲ್ವಾ ಅಕ್ಕಾ?'